ಸ್ವನಿರ್ಣಯದ ಪರೀಕ್ಷೆ ಯಾರಿಗೆ?

ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಸಂಖ್ಯೆ, ಹೊಸ ಕೊಠಡಿಗಳ ವಿವರ, ದಾನಿಗಳಿಗೆ ಕೃತಜ್ಞತೆ ಇವುಗಳಿಂದ ಕೂಡಿರಬೇಕೆಂದು ವಾಚಕರು ನಿರೀಕ್ಷಿಸುವುದು ಸಹಜವೇ. ಆ ಸಂಗತಿಗಳಿಗೆ ವಾರ್ಷಿಕ ವರದಿಯಲ್ಲಿ ಸ್ಥಳವುಂಟು. ಇಲ್ಲಿ ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಮಕ್ಕಳ ತಂದೆತಾಯಿಗಳೊಡನೆಯೂ ಬೇರೊಂದು ವಿಷಯವನ್ನು ಕುರಿತು ಮನಸ್ಸು ಬಿಚ್ಚಿ ಮಾತಾಡಬೇಕೆಂದಿದ್ದೇವೆ. ಅಂಗವೈಕಲ್ಯವುಳ್ಳ ವಿದ್ಯಾರ್ಥಿನಿಯರಲ್ಲಿ ತಮ್ಮ ವಿಷಯವನ್ನು ತಾವೇ ನಿರ್ಣಯಿಸಿಕೊಳ್ಳುವ ಶಕ್ತಿಯು ಎಷ್ಟುಂಟೆಂದು ಅಳೆಯುವುದು ಹೇಗೆಂಬುದೇ ಆ ವಿಷಯ. ಈ ಶಕ್ತಿಯನ್ನು ನಾವು ಸ್ವನಿರ್ಣಯವೆಂದು ಕರೆಯೋಣ. ಈ ಅಳತೆಯನ್ನು ಮಾಡುವುದರಲ್ಲಿ ನಾವೇ ಒಮ್ಮೆ ತಪ್ಪಿದೆವು. ಆದುದರಿಂದ ಆ ತಪ್ಪಿನಿಂದಲೇ ಆರಂಭಿಸುವುದು ನ್ಯಾಯವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯಲ್ಲಿ ದೃಷ್ಟಿಯು ಬಹಳ ಮಂದವಾಗಿದ್ದ ಒಬ್ಬ ಬಾಲಕಿಯಿದ್ದಳು. ಅವಳ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರನ್ನು ಹಾಕಕೂಡದೆಂಬುದು ಅವಳದೇ ನಿರ್ಣಯ. ಎಸ್.ಎಸ್.ಎಲ್.ಸಿ. ಪರೀಕ್ಷೆಯು ಸಮೀಪಿಸಿದಾಗ ನಾವು ಅವಳ ತಂದೆತಾಯಿಗಳನ್ನು ಕರೆಯಿಸಿ, ತರಗತಿಯ ಉಪಾಧ್ಯಾಯಿನಿಯರನ್ನೂ ಕೂರಿಸಿಕೊಂಡು, ಎಲ್ಲಾ ವಿಷಯಗಳಿಗೂ ಸ್ಕ್ರೈಬ್ ಎಂದು ಕರೆಯಲ್ಪಡುವ ಬರೆಹದ ಸಹಾಯಕಿಯನ್ನು ಗೊತ್ತುಮಾಡಿದೆವು. ಅರ್ಜಿಯನ್ನು ಬರೆದೆವು, ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದೆವು, ಅನುಮತಿಯನ್ನು ತರಿಸಿದೆವು. ಅಷ್ಟು ಹೊತ್ತೂ ಬಾಲಕಿಯು ಆಫೀಸಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಅದೇ ವಾರದಲ್ಲಿ ಅವಳ ವಿಷಯವಾಗಿ ತುಂಬಬೇಕಾಗಿದ್ದ ನಮೂನೆಯೊಂದರಲ್ಲಿ, ಸ್ವಂತ ಅಭಿಪ್ರಾಯವನ್ನು ವ್ಯಕ್ತಪಡಿಸುವ ಶಕ್ತಿ ಎಂಬ ಕಲಮಿನ ಎದುರಿಗೆ ನಾವು ‘ಕಡಿಮೆ’ ಎಂದು ಬರೆದು ರುಜು ಹಾಕಿದೆವು.

ಪರೀಕ್ಷೆ ಮುಗಿಯಿತು, ಅವಳು ಉತ್ತೀರ್ಣಳಾದಳು. ಅಂಕಪಟ್ಟಿಯನ್ನೂ ವರ್ಗಾವಣೆ ಪತ್ರವನ್ನೂ ತೆಗೆದುಕೊಳ್ಳಲು ತಾಯಿಯೊಡನೆ ಬಂದ ದಿನ, ನಾವು ಅವಳನ್ನು ಅಭಿನಂದಿಸಿ, ಗಣಿತದಲ್ಲಿ ಮಾತ್ರ ಅಂಕಗಳು ಏಕೆ ಇಳಿದುವೆಂದು ವಿಚಾರಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೀಚರ್, ಲೆಕ್ಕದ ಪೇಪರ್ ಮಾತ್ರ ನಾನೇ ಬರೀಬೇಕು ಅಂತಿದ್ದೆ. ಭೂತಕನ್ನಡಿ ಇಟ್ಕೊಂಡು ನಿಧಾನವಾಗಿ ಬರೆದ್ರೆ ನನಗೆ ಬರುತ್ತೆ. ಬಾಯಲ್ಲಿ ಹೇಳಿ ಬರೆಸೋಕೆ ಹೋದ್ರೆ ಲೆಕ್ಕ ತಪ್ಪಿಹೋಗುತ್ತೆ. ನನ್ನನ್ನ ಯಾರೂ ಕೇಳ್ಲಿಲ್ಲ” ಎಂದಳು. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. “ಮೊದಲೇ ಹೇಳಬಾರದಿತ್ತೇನೇ?” ಎಂದು ತಾಯಿ ಗದರಿಸಿದರು. ನಾವು ಏನೂ ಹೇಳಲಾರದೆ ಪತ್ರಕ್ಕೆ ಮೊಹರು ಹಾಕಿ ಕೊಟ್ಟೆವು.

ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮಂತ್ರಾಲಯವು ೨೦೧೩ರಲ್ಲಿ ಹೊರಡಿಸಿದ ಪರೀಕ್ಷಾ ಮಾರ್ಗಸೂಚಿಯನ್ನು ಆಮೇಲೆ ತೆಗೆದು ಓದಿದೆವು. ಬರೆಹದ ಸಹಾಯಕರನ್ನು ಕೊಡತಕ್ಕದ್ದು ಅಭ್ಯರ್ಥಿಯು ಬಯಸಿದಲ್ಲಿ ಎಂದು ಅದರಲ್ಲಿದೆ. ತನ್ನ ಸಹಾಯಕರನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅಭ್ಯರ್ಥಿಗೇ ಸೇರಿದೆ. ಗಂಟೆಯೊಂದಕ್ಕೆ ೨೦ ನಿಮಿಷಗಳಿಗೆ ಕಡಿಮೆಯಿಲ್ಲದ ಹೆಚ್ಚಿನ ಕಾಲವನ್ನೂ ಹೇಳಿದೆ. ‘ಬಯಸಿದಲ್ಲಿ’ ಎಂಬ ಆ ಒಂದು ಪದವನ್ನು ನಾವು ಗಮನಿಸಿರಲಿಲ್ಲ. ಅಭಿಪ್ರಾಯವಿಲ್ಲದವಳೆಂದು ನಾವು ಗುರುತುಹಾಕಿದ್ದ ಬಾಲಕಿಗೆ ಸ್ಪಷ್ಟವಾದ, ಸಕಾರಣವಾದ ಅಭಿಪ್ರಾಯವಿತ್ತು. ಅದನ್ನು ಹೇಳಲು ನಾವು ಎಡೆಗೊಟ್ಟಿರಲಿಲ್ಲ. ಹಾಗಾದರೆ ನಮೂನೆಯಲ್ಲಿ ಬರೆದ ಆ ‘ಕಡಿಮೆ’ ಯಾರಿಗೆ ಸಲ್ಲಬೇಕಾದದ್ದು? ಅಂಗವೈಕಲ್ಯವುಳ್ಳ ಮಗುವಿನ ಸ್ವನಿರ್ಣಯವನ್ನು ಪರೀಕ್ಷಿಸುವವರು, ಆ ಮಗುವಿಗೆ ನಿರ್ಣಯಿಸುವ ಸಂದರ್ಭವನ್ನು ತಾವು ಎಷ್ಟು ಒದಗಿಸಿದ್ದೇವೆಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕೆಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ಸ್ವನಿರ್ಣಯವೆಂದರೆ ಏನೆಂಬುದನ್ನು ಕುರಿತು ತಪ್ಪು ತಿಳಿವಳಿಕೆ ಬಹಳವಾಗಿದೆ. ಎಲ್ಲವನ್ನೂ ಒಬ್ಬರೇ, ಯಾರ ನೆರವೂ ಇಲ್ಲದೆ ಮಾಡುವುದು ಅದರ ಅರ್ಥವೆಂದು ಅನೇಕರು ಭಾವಿಸುತ್ತಾರೆ. ಹಾಗಿದ್ದ ಪಕ್ಷದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವಳಿಗೂ ಕೈಗಳು ವಶವಿಲ್ಲದವಳಿಗೂ ಅದು ಎಂದಿಗೂ ದೊರೆಯದು. ತನ್ನ ಕೈಯಿಂದ ಜಡೆ ಹೆಣೆದುಕೊಳ್ಳಲಾರದ ಹುಡುಗಿಯು ‘ಎರಡು ಜಡೆ ಬೇಡ, ಒಂದೇ ಸಾಕು’ ಎಂದು ಹೇಳಿ ಹೆಣೆಯಿಸಿಕೊಂಡರೆ, ಅಲ್ಲಿ ಕೈ ತಾಯಿಯದಾದರೂ ನಿರ್ಣಯವು ಮಗಳದೇ. ಸ್ವೀಡನ್ ದೇಶದ ಬೆಂಗ್ಟ್ ನಿರ್ಯೆ ಎಂಬವರು ೧೯೭೨ರಲ್ಲಿಯೇ ಬುದ್ಧಿಶಕ್ತಿಯು ಮಂದವಾಗಿರುವವರ ಸ್ವನಿರ್ಣಯವನ್ನು ಒಂದು ಹಕ್ಕೆಂದು ಪ್ರತಿಪಾದಿಸಿ ಬರೆದರು. ಅದಕ್ಕೆ ಮೊದಲು ಅಂಥವರ ವಿಷಯದಲ್ಲಿ ಲೋಕವು ಆರೈಕೆಯನ್ನು ಕುರಿತು ಆಡಿದಷ್ಟು ಮಾತನ್ನು ಅವರ ಇಷ್ಟಾನಿಷ್ಟಗಳನ್ನು ಕುರಿತು ಆಡಿರಲಿಲ್ಲ.

ಈ ಶಕ್ತಿಯನ್ನು ಅಳೆಯುವುದಕ್ಕೆ ಅಮೇರಿಕ ದೇಶದಲ್ಲಿ ಕೆಲವು ಪ್ರಶ್ನಾವಳಿಗಳು ಸಿದ್ಧವಾಗಿವೆ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಮೈಕೇಲ್ ವೇಮೈಯರ್ ಎಂಬ ವಿದ್ವಾಂಸರೂ ಅವರ ಸಹಾಯಕರೂ ೧೯೯೫ರಲ್ಲಿ ದಿ ಆರ್ಕ್ ಎಂಬ ಸಂಸ್ಥೆಯ ಹೆಸರಿನಲ್ಲಿ ಪ್ರಕಟಿಸಿದ ಮಾಪಕ. ಅದರಲ್ಲಿ ೭೨ ಪ್ರಶ್ನೆಗಳಿವೆ, ಪೂರ್ಣಾಂಕ ೧೪೮. ಸ್ವಾತಂತ್ರ್ಯದಿಂದ ವರ್ತಿಸುವುದು, ಯೋಚಿಸಿ ಗುರಿಯ ಕಡೆಗೆ ನಡೆಯುವುದು, ತನ್ನಿಂದ ಆಗುವುದೆಂಬ ನಂಬಿಕೆ, ತನ್ನನ್ನು ತಾನು ಅರಿತಿರುವುದು ಎಂದು ನಾಲ್ಕು ಭಾಗಗಳು. ಉತ್ತರವನ್ನು ಕೊಡತಕ್ಕವರು ವಿದ್ಯಾರ್ಥಿಗಳೇ ಎಂಬುದು ಅದರ ಹೆಚ್ಚಳ. ಅದಕ್ಕಿಂತ ಒಂದು ವರ್ಷ ಮೊದಲು, ೧೯೯೪ರಲ್ಲಿ, ಏ.ಐ.ಆರ್. ಎಂಬ ಮತ್ತೊಂದು ಮಾಪಕವು ಬಂದಿತ್ತು. ಅದು ಸಾಮರ್ಥ್ಯವನ್ನು ಒಂದು ಕಡೆಗೂ, ಸಂದರ್ಭವನ್ನು ಮತ್ತೊಂದು ಕಡೆಗೂ ಬೇರೆಬೇರೆಯಾಗಿ ಅಳೆಯುತ್ತದೆ. ಸಂದರ್ಭವನ್ನು ಪುನಃ ಶಾಲೆಯಲ್ಲಿ ದೊರೆತದ್ದು, ಮನೆಯಲ್ಲಿ ದೊರೆತದ್ದು ಎಂದು ವಿಂಗಡಿಸುತ್ತದೆ. ವಿದ್ಯಾರ್ಥಿಗೆ ಒಂದು, ತಂದೆತಾಯಿಗಳಿಗೆ ಒಂದು, ಉಪಾಧ್ಯಾಯರಿಗೆ ಒಂದು ಹೀಗೆ ಮೂರು ನಮೂನೆಗಳುಂಟು. ನಮ್ಮ ದೃಷ್ಟಿಯಲ್ಲಿ ಈ ಎರಡನೆಯದರ ವಿಂಗಡಣೆಯೇ ಹೆಚ್ಚು ಪ್ರಯೋಜನಕರವಾದದ್ದು. ಏಕೆಂದರೆ ಅದು ಪರೀಕ್ಷಕರನ್ನೂ ಪರೀಕ್ಷೆಗೆ ಕೂರಿಸುತ್ತದೆ.

ಪರದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ನಮ್ಮ ಹುಡುಗಿಯರ ಮುಂದಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ೧೯೯೫ರ ಮಾಪಕದ ಮೊದಲ ಭಾಗದಲ್ಲಿ ಉಡುವ ಬಟ್ಟೆಯನ್ನು ಆರಿಸುವುದು, ತಿಂಡಿಯನ್ನು ಮಾಡಿಕೊಳ್ಳುವುದು, ಕೈಯಲ್ಲಿರುವ ಹಣವನ್ನು ಖರ್ಚು ಮಾಡುವುದು ಮೊದಲಾದ ಸಂಗತಿಗಳುಂಟು. ಉತ್ತರಗಳು ಅವಕಾಶವಿದ್ದರೂ ಮಾಡುವುದಿಲ್ಲವೆಂಬುದರಿಂದ ಅವಕಾಶವಿದ್ದಾಗಲೆಲ್ಲಾ ಮಾಡುತ್ತೇನೆಂಬುದರ ವರೆಗೆ ನಾಲ್ಕು ಬಗೆಯವು. ಅವಕಾಶವೇ ಎಂದೂ ಬಾರದ ಹುಡುಗಿಯು ಇವುಗಳಲ್ಲಿ ಯಾವುದಕ್ಕೆ ಗುರುತುಹಾಕಬೇಕು? ನಮ್ಮ ಮನೆಗಳಲ್ಲಿ ಕಣ್ಣು, ಕಿವಿ, ಕೈಕಾಲು ಎಲ್ಲವೂ ಸರಿಯಾಗಿರುವ ಹೆಣ್ಣುಮಕ್ಕಳಿಗೂ ಕೈಯಲ್ಲಿ ಹಣವಿರುವುದು ಅಪರೂಪ. ಹಬ್ಬದ ಬಟ್ಟೆಯನ್ನು ಅಪ್ಪನೋ ಅತ್ತೆಯೋ ತರುತ್ತಾರೆ. ಯಾವ ಕಾಲೇಜು, ಯಾವ ವಿಷಯ ಎಂಬುದನ್ನು ಅಣ್ಣನು ಹೇಳುತ್ತಾನೆ. ಅಂಗವೈಕಲ್ಯವುಳ್ಳ ಮಗಳಿಗಾದರೋ ಈ ಗೋಡೆಯು ಇಮ್ಮಡಿಯಾಗುತ್ತದೆ. ಹೆಣ್ಣೆಂದು ಒಂದು ಸಲ, ಅಶಕ್ತಳೆಂದು ಮತ್ತೊಂದು ಸಲ, ಎರಡು ಸಲ ಅವಳ ಪರವಾಗಿ ಬೇರೆಯವರು ಮಾತಾಡುತ್ತಾರೆ. ಹೀಗಿರುವಲ್ಲಿ ಬಂದ ಕಡಿಮೆ ಅಂಕವನ್ನು ಅವಳ ಬುದ್ಧಿಯ ಕೊರತೆಯೆಂದು ಓದುವುದು ದೊಡ್ಡ ಅನ್ಯಾಯ.

ಮತ್ತೊಂದು ಎಚ್ಚರಿಕೆಯೂ ಬೇಕು. ವಿಧೇಯತೆಯನ್ನೇ ಸದ್ಗುಣವೆಂದು ಕಲಿತು ಬೆಳೆದ ಮಕ್ಕಳು, ಅವರಲ್ಲಿಯೂ ಬುದ್ಧಿಶಕ್ತಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳು, ದೊಡ್ಡವರು ಕೇಳಿದ್ದಕ್ಕೆಲ್ಲಾ ‘ಹೌದು’ ಎನ್ನುವುದುಂಟು. ‘ನಿನಗೆ ಹೊಲಿಗೆ ಇಷ್ಟವೇ?’ ಎಂದರೆ ಹೌದು, ‘ಹೊಲಿಗೆ ಬೇಡವೇ?’ ಎಂದರೂ ಹೌದು. ಆದುದರಿಂದ ಒಂದೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಎರಡು ವಸ್ತುಗಳನ್ನೋ ಚಿತ್ರಗಳನ್ನೋ ಮುಂದಿಟ್ಟು ತೋರಿಸಲು ಹೇಳಬೇಕು. ಮತ್ತೊಂದು ದಿನ ಎಡಬಲಗಳನ್ನು ಬದಲಾಯಿಸಿ ಇಟ್ಟು ನೋಡಬೇಕು. ಮಾತು ಬಾರದ ಮಗುವಿನ ಕಣ್ಣು ಯಾವುದರ ಕಡೆಗೆ ತಿರುಗುತ್ತದೆ, ಯಾವುದನ್ನು ಕೈಯಿಂದ ದೂರ ನೂಕುತ್ತದೆ ಎಂಬುದೂ ಉತ್ತರವೇ. ಎಲ್ಲಕ್ಕಿಂತ ಹೆಚ್ಚಾಗಿ ಕಾಯಬೇಕು. ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ನಾವೇ ಉತ್ತರವನ್ನು ಹೇಳಿಬಿಡುವ ದುರಭ್ಯಾಸವು ಉಪಾಧ್ಯಾಯಿನಿಯರಾದ ನಮಗೆ ಬಹಳವಾಗಿದೆ. ಕಿವುಡ ಬಾಲಕಿಯ ವಿಷಯದಲ್ಲಿ ಸಂಜ್ಞಾಭಾಷೆಯನ್ನು ಬಲ್ಲವರಿಲ್ಲದೆ ಪರೀಕ್ಷೆ ನಡೆಸಿದರೆ, ಅಲ್ಲಿ ಅಳೆಯಲ್ಪಡುವುದು ನಮ್ಮ ಅಜ್ಞಾನವೇ.

ಮಕ್ಕಳನ್ನು ಕೇಳದಿರುವುದರಿಂದ ಪಾಠಶಾಲೆಗಳು ಎಷ್ಟು ಕಾಲವನ್ನು ಕಳೆದುಕೊಳ್ಳುತ್ತವೆಂಬುದಕ್ಕೆ ಲೂಯಿ ಬ್ರೈಲ್‌ನ ಚರಿತ್ರೆಯೇ ಸಾಕ್ಷಿ. ೧೮೦೯ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಈ ಬಾಲಕನು ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಓದುತ್ತಿದ್ದನು. ಅಲ್ಲಿ ಕಣ್ಣುಳ್ಳವರು ಓದುವ ಅಕ್ಷರಗಳನ್ನೇ ಉಬ್ಬಾಗಿ ಅಚ್ಚುಮಾಡಿ ಬೆರಳುಗಳಿಂದ ತಡವಿ ಓದಿಸುತ್ತಿದ್ದರು. ೧೮೨೪ರಲ್ಲಿ, ತನ್ನ ೧೫ನೆಯ ವಯಸ್ಸಿನಲ್ಲಿ, ಅವನು ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಓದುವುದಲ್ಲದೆ ಬರೆಯುವುದಕ್ಕೂ ಅದು ಒದಗಿತು. ಆದರೂ ಆ ಶಾಲೆಯು ಅದನ್ನು ವಿಧ್ಯುಕ್ತವಾಗಿ ಅಂಗೀಕರಿಸಿದ್ದು ೧೮೫೪ರಲ್ಲಿ, ಅವನು ತೀರಿಹೋದ ಎರಡು ವರ್ಷಗಳ ಮೇಲೆ. ಯಾವ ಲಿಪಿಯು ಬೆರಳಿಗೆ ಒಗ್ಗುವುದೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿತ್ತು. ಅದನ್ನು ಒಪ್ಪಲು ಹಿರಿಯರಿಗೆ ೩೦ ವರ್ಷಗಳು ಬೇಕಾದುವು. ನಮ್ಮ ಬಾಲಕಿಯ ಭೂತಕನ್ನಡಿಯ ಮಾತನ್ನು ಕೇಳಿದ ಮೇಲೆ ಆ ಹಿರಿಯರನ್ನು ಹಳಿಯುವುದಕ್ಕೆ ನಮಗೆ ಬಾಯಿಲ್ಲ.

ನಮ್ಮಂಥ ಮಿಷನ್ ಶಾಲೆಗಳವರಿಗೆ ಈ ತಪ್ಪು ಇನ್ನೂ ಸುಲಭ. ೧೮೮೭ರಲ್ಲಿ ಮಿಸ್ ಆ್ಯನಿ ಶಾರ್ಪ್ ಎಂಬ ಮಿಷನರಿ ಮಹಿಳೆಯು ಅಮೃತಸರದಲ್ಲಿ ಅಂಧರಿಗಾಗಿ ಪಾಠಶಾಲೆಯನ್ನು ತೆರೆದುದು ನಮ್ಮ ದೇಶದಲ್ಲಿ ಆ ಬಗೆಯ ಶಾಲೆಗಳಿಗೆ ಮೊದಲಾಯಿತು. ಆ ಸೇವೆಯ ಪರಂಪರೆಯನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಉಪಕಾರ ಮಾಡಿ ಅಭ್ಯಾಸವಾದವರಿಗೆ ಕೇಳುವ ಅಭ್ಯಾಸವು ತಪ್ಪಿಹೋಗುತ್ತದೆ. ಇಂಥವಳಿಗೆ ಇದು ಹಿತವೆಂದು ನಾವೇ ಗೊತ್ತುಮಾಡಿ, ಅದನ್ನು ಪ್ರೀತಿಯೆಂದು ಕರೆಯುತ್ತೇವೆ. ಯೆರಿಕೋ ಪಟ್ಟಣದ ದಾರಿಯ ಬದಿಯಲ್ಲಿ ಕುಳಿತು ಕೂಗಿದ ಕುರುಡ ಭಿಕ್ಷುಕನ ಕಥೆಯನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅವನಿಗೆ ಬೇಕಾದದ್ದು ನೋಡಿದವರಿಗೆಲ್ಲಾ ಗೊತ್ತಿರುವಂಥದು. ಆದರೂ ಸ್ವಾಮಿಯು ಅವನ ಇಷ್ಟವೇನೆಂದು ಮೊದಲು ಅವನನ್ನೇ ವಿಚಾರಿಸಿದನು. ಆ ವಿಚಾರಣೆಯನ್ನು ನಾವು ಎಷ್ಟೋ ವರ್ಷ ಪಾಠ ಹೇಳಿದೆವು. ಬೆಂಚಿನ ಮೇಲೆ ಕುಳಿತಿದ್ದ ಬಾಲಕಿಯ ವಿಷಯದಲ್ಲಿ ಮಾತ್ರ ನೆನೆಯಲಿಲ್ಲ.

ಇನ್ನು ತಂದೆತಾಯಿಗಳ ಆಕ್ಷೇಪಣೆ. ‘ಅವಳಿಗೇ ಬಿಟ್ಟರೆ ತಪ್ಪು ಮಾಡುತ್ತಾಳೆ, ಮೋಸ ಹೋಗುತ್ತಾಳೆ’ ಎಂದು ನೀವು ಹೇಳುತ್ತೀರಿ. ನಿಮ್ಮ ಭಯವನ್ನು ನಾವು ಅಲ್ಪವೆಂದು ಎಣಿಸುವುದಿಲ್ಲ. ರಾತ್ರಿ ನಿದ್ರೆಗೆಡಿಸುವ ಪ್ರಶ್ನೆಯು ನಿಮಗೆ ಒಂದೇ: ನಮ್ಮ ಕಾಲಾನಂತರ ಇವಳ ಗತಿಯೇನು? ಆದರೆ ಆ ಪ್ರಶ್ನೆಯೇ ನಮ್ಮ ವಾದಕ್ಕೆ ಆಧಾರ. ೪೦ ವರ್ಷಗಳ ಕಾಲ ಎಲ್ಲವನ್ನೂ ನೀವೇ ನಿರ್ಣಯಿಸಿ, ಒಂದು ದಿನ ನೀವಿಲ್ಲದಂತಾದರೆ, ಬೇಕು ಬೇಡಗಳನ್ನು ಎಂದೂ ಹೇಳಿ ಅಭ್ಯಾಸವಿಲ್ಲದ ಮಗಳು ಸಿಕ್ಕಿದವರ ಕೈಗೊಂಬೆಯಾಗುವಳು. ‘ಬೇಡ’ ಎನ್ನಲು ಬಾರದ ಹೆಣ್ಣುಮಗಳಿಗಿಂತ ಅಪಾಯಕ್ಕೆ ಹತ್ತಿರವಾದವಳು ಯಾರು? ನೀವು ಪಕ್ಕದಲ್ಲಿರುವಾಗ ಚಿಕ್ಕ ತಪ್ಪುಗಳನ್ನು ಮಾಡಿ ಕಲಿಯಲಿ. ಹತ್ತು ರೂಪಾಯಿಯನ್ನು ಬೇಡದ ಮಿಠಾಯಿಗೆ ಕಳೆದುಕೊಂಡವಳು, ಮುಂದೆ ಪಿಂಚಣಿಯ ಹಣವನ್ನು ಕಾಪಾಡಿಕೊಳ್ಳುವುದನ್ನು ಅಲ್ಲಿಂದಲೇ ಕಲಿಯಬೇಕು.

ಕಾನೂನು ಸಹ ಈಗ ಇದೇ ದಾರಿಯಲ್ಲಿದೆ. ವಿಶ್ವಸಂಸ್ಥೆಯು ೨೦೦೬ರಲ್ಲಿ ಅಂಗೀಕರಿಸಿದ ಒಡಂಬಡಿಕೆಯು ತನ್ನ ತತ್ತ್ವಗಳ ಸಾಲಿನಲ್ಲಿ ಮೊದಲನೆಯದಾಗಿಯೇ, ತನ್ನ ಆಯ್ಕೆಯನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಹೇಳುತ್ತದೆ. ನಮ್ಮ ದೇಶವು ಅದನ್ನು ೨೦೦೭ರಲ್ಲಿ ಒಪ್ಪಿತು. ಅದಕ್ಕೆ ಅನುಸಾರವಾಗಿ ೨೦೧೬ರಲ್ಲಿ ಅಂಗವಿಕಲರ ಹಕ್ಕುಗಳ ಅಧಿನಿಯಮವಾಯಿತು. ೧೯೯೫ರ ಹಿಂದಿನ ಕಾನೂನಿನಲ್ಲಿ ೭ ಬಗೆಯ ವೈಕಲ್ಯಗಳಿದ್ದುವು. ಇದರಲ್ಲಿ ೨೧ ಇವೆ. ಈ ಅಧಿನಿಯಮದಲ್ಲಿ ಹೇಳಿರುವ ಸೀಮಿತ ಪೋಷಕತ್ವವನ್ನು ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕು. ಪೋಷಕರೂ ಆ ವ್ಯಕ್ತಿಯೂ ಪರಸ್ಪರ ತಿಳಿವಳಿಕೆಯಿಂದಲೂ ನಂಬಿಕೆಯಿಂದಲೂ ಕೂಡಿ ನಿರ್ಣಯಿಸತಕ್ಕದ್ದೆಂದು ಅದರ ಅರ್ಥ. ಕೂಡಿ ನಿರ್ಣಯಿಸುವುದನ್ನು ಮನೆಯಲ್ಲಿ ಅಭ್ಯಾಸಮಾಡದೆ ನ್ಯಾಯಾಲಯದ ಕಾಗದದಿಂದ ತರಲಾಗುವುದಿಲ್ಲ.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು, ಅಳೆಯದೆ ಹೋದರೆ ಏನನ್ನು ಕಲಿಸಬೇಕೆಂಬುದು ತಿಳಿಯದು. ಆದರೆ ಅದನ್ನು ನಡೆಸುವ ಕ್ರಮವು ಬೇರೆಯಾಗಬೇಕು. ಮೊದಲನೆಯದಾಗಿ, ಉಪಾಧ್ಯಾಯಿನಿಯು ಪುಸ್ತಕದಲ್ಲಿ ಎರಡು ಕಲಮುಗಳನ್ನು ಎಳೆದು, ಈ ವಾರ ಈ ಬಾಲಕಿಯ ಮುಂದೆ ನಾವು ಇಟ್ಟ ಆಯ್ಕೆಗಳು ಯಾವುವು ಎಂಬುದನ್ನು ಎಡಗಡೆಗೂ, ಅವಳು ಮಾಡಿದ್ದೇನು ಎಂಬುದನ್ನು ಬಲಗಡೆಗೂ ಬರೆಯಲಿ. ಎಡಗಡೆ ಬರಿದಾಗಿದ್ದರೆ ಬಲಗಡೆ ಅಂಕ ಹಾಕುವ ಅಧಿಕಾರ ನಮಗಿಲ್ಲ. ಎರಡನೆಯದಾಗಿ, ಒಂದೇ ಪ್ರಶ್ನೆಗಳಿಗೆ ಬಾಲಕಿಯೂ ತಾಯಿಯೂ ಉಪಾಧ್ಯಾಯಿನಿಯೂ ಬೇರೆಬೇರೆಯಾಗಿ ಉತ್ತರ ಹೇಳಲಿ. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ‘ನಾನೇ ಬಸ್ಸಿನಲ್ಲಿ ಹೋಗಬಲ್ಲೆ’ ಎಂದು ಮಗಳು ಹೇಳಿ, ‘ಖಂಡಿತ ಆಗದು’ ಎಂದು ತಾಯಿ ಹೇಳಿದರೆ, ಕಲಿಸಬೇಕಾದ ಪಾಠವು ಅಲ್ಲಿಯೇ ಇದೆ. ಮೂರನೆಯದಾಗಿ, ಬಾಲಕಿಯ ವಿಷಯವಾಗಿ ಕೂಡುವ ಸಭೆಯಲ್ಲಿ ಅವಳು ಕುಳಿತಿರಬೇಕು, ಮೊದಲ ಮಾತು ಅವಳದಾಗಿರಬೇಕು. ಕೊನೆಯದಾಗಿ, ಈ ಅಂಕಗಳನ್ನು ಪ್ರಗತಿಪತ್ರದಲ್ಲಿ ಹಾಕಬಾರದು. ಇವುಗಳಿಂದ ಮೇಲು ಕೀಳೆಂದು ಎಣಿಸಬಾರದು. ಶಾಲೆಗೆ ಸೇರಿಸಿಕೊಳ್ಳಲು ನಿರಾಕರಿಸುವುದಕ್ಕಂತೂ ಎಂದಿಗೂ ಉಪಯೋಗಿಸಬಾರದು. ವರ್ಷಕ್ಕೊಮ್ಮೆ ಅದೇ ಬಾಲಕಿಯ ಹಿಂದಿನ ಉತ್ತರದೊಡನೆ ಹೋಲಿಸಿ ನೋಡಿದರೆ ಸಾಕು.

ಇಷ್ಟಕ್ಕೆಲ್ಲಾ ಸಮಯವೆಲ್ಲಿ ಎಂದು ನಮ್ಮ ಉಪಾಧ್ಯಾಯಿನಿಯರು ಕೇಳಿದ್ದುಂಟು. ತರಗತಿಯಲ್ಲಿ ಐವತ್ತು ಮಕ್ಕಳಿರುವಾಗ ಆ ಪ್ರಶ್ನೆಯು ನ್ಯಾಯವಾದದ್ದೇ. ಆದುದರಿಂದ ನಾವು ದೊಡ್ಡ ಪ್ರಶ್ನಾವಳಿಯಿಂದ ಆರಂಭಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂರುವೆಯೋ, ಕಿಟಕಿಯ ಬಳಿ ಕೂರುವೆಯೋ? ಉತ್ತರವನ್ನು ಬರೆಯುವೆಯೋ, ಹೇಳುವೆಯೋ? ನೆರವು ಬೇಕೋ, ಬೇಕಾದರೆ ಯಾರದು? ಈ ಮೂರು ಪ್ರಶ್ನೆಗಳಿಂದ ತೊಡಗಿದ್ದೇವೆ. ಮೊದಮೊದಲು ‘ನೀವು ಹೇಳಿದ ಹಾಗೆ, ಟೀಚರ್’ ಎಂಬುದೇ ಉತ್ತರವಾಗಿತ್ತು. ಈಗೀಗ ಕೆಲವರು ‘ಬೇಡ’ ಎನ್ನುತ್ತಿದ್ದಾರೆ. ಆ ‘ಬೇಡ’ವನ್ನು ಅವಿನಯವೆಂದು ಎಣಿಸದಿರಲು ನಮಗೂ ಅಭ್ಯಾಸ ಬೇಕಾಗಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಪ್ರಾರ್ಥನೆ. ನೀವು ಹದಿನೈದು ವರ್ಷದವರಾಗಿದ್ದಾಗ ನಿಮ್ಮ ವಿಷಯದಲ್ಲಿ ಯಾವ ಯಾವ ನಿರ್ಣಯಗಳನ್ನು ನಿಮ್ಮನ್ನು ಕೇಳಿ ಮಾಡಿದರು, ಯಾವುದನ್ನು ಕೇಳದೆ ಮಾಡಿದರು ಎಂಬುದನ್ನು ಒಮ್ಮೆ ನೆನೆಯಿರಿ. ಕೇಳದೆ ಮಾಡಿದ್ದರಲ್ಲಿ ಕೆಲವು ಒಳ್ಳೆಯವೇ ಆಗಿದ್ದಿರಬಹುದು. ಆದರೂ ಅವು ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತಿಲ್ಲವೇ? ನಿಮ್ಮಲ್ಲಿ ಈಗ ತಾಯಂದಿರೂ, ಉಪಾಧ್ಯಾಯಿನಿಯರೂ, ವೈದ್ಯರೂ, ಕಚೇರಿಗಳಲ್ಲಿ ಅಧಿಕಾರದಲ್ಲಿರುವವರೂ ಇದ್ದೀರಿ. ಅಂಗವೈಕಲ್ಯವುಳ್ಳ ಹುಡುಗಿಯೊಬ್ಬಳು ಯಾರೊಡನೆಯಾದರೂ ನಿಮ್ಮ ಬಳಿಗೆ ಬಂದಾಗ, ಜೊತೆಯಲ್ಲಿ ಬಂದವರನ್ನು ‘ಇವಳಿಗೆ ಏನು ಬೇಕು?’ ಎಂದು ಕೇಳಬೇಡಿರಿ. ಅವಳ ಕಡೆಗೆ ತಿರುಗಿ, ಅವಳನ್ನೇ ಕೇಳಿ, ಉತ್ತರ ಬರುವ ತನಕ ಕಾಯಿರಿ.

ತಂದೆತಾಯಿಗಳಲ್ಲಿಯೂ ವಿಜ್ಞಾಪನೆಯೊಂದುಂಟು. ಮುಂದಿನ ಸಲ ನಿಮ್ಮ ಮಗಳ ವಿಷಯವಾಗಿ ಮಾತಾಡಲು ನಮ್ಮ ಆಫೀಸಿಗೆ ಬರುವಾಗ ಅವಳನ್ನೂ ಒಳಕ್ಕೆ ಕರೆತನ್ನಿರಿ. ಹೊರಗಿನ ಬೆಂಚು ಈಗಲೂ ಅಲ್ಲಿಯೇ ಇದೆ. ಅವಳ ಕುರ್ಚಿಯನ್ನು ಮಾತ್ರ ನಮ್ಮ ಮೇಜಿನ ಎದುರಿಗೇ ಹಾಕಿಸಿದ್ದೇವೆ.